ಬಣ್ಣ ಹೊಡೆಸದ ಕಾರು

ಕಾರು ಮನೆಗೆ ಬಂದ ದಿನ ಗೆಳೆಯನೊಬ್ಬ ನೋಡಲು ಬಂದಿದ್ದ. ಸುತ್ತಲೂ ಒಂದು ಸಲ ಅಡ್ಡಾಡಿ, "ಯಾವಾಗ ಪೇಂಟ್ ಮಾಡಿಸ್ತೀಯ?" ಅಂದ. ಮಾಡಿಸಲ್ಲ ಅಂದೆ. "ಇಷ್ಟು ದುಡ್ಡು ಕೊಟ್ಟು ಗುಜರಿ ತಂದಿದ್ದೀಯಲ್ಲೋ" ಅಂತ ನಕ್ಕ. ಅದು 2015. ಈಗಲೂ ಪೇಂಟ್ ಮಾಡಿಸಿಲ್ಲ.

ಕಾರು 1968ರ ಪಾಂಟಿಯಾಕ್ ಜಿಟಿಓ. ಮೈಮೇಲಿರುವುದು ಕಾರ್ಖಾನೆಯಲ್ಲಿ ಹೊಡೆದ ಬಣ್ಣವೇ, ಅದಕ್ಕೆ ಕಂಪನಿ ಇಟ್ಟ ಹೆಸರು ವರ್ಡೋರೋ ಗ್ರೀನ್. ಬಿಸಿಲಿಗೆ ಹಿಡಿದ ಹಲಸಿನ ಎಲೆ ನೋಡಿದ್ದೀರಲ್ವಾ, ಹಸಿರಿನೊಳಗೆ ಸ್ವಲ್ಪ ಹೊಂಬಣ್ಣ, ಹಾಗೆ. ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಕಾರು ಹುಟ್ಟಿದ್ದೂ ಇಲ್ಲೇ, ಪಾಂಟಿಯಾಕ್ ಅನ್ನುವ ಊರಿನಲ್ಲಿ. ಡ್ಯಾಶ್‌ಬೋರ್ಡ್ ಮೇಲಿನ ನಂಬರ್ ಪಟ್ಟಿಯಲ್ಲಿ ಅದು ಬರೆದೇ ಇದೆ. 242 ಅಂದರೆ ಜಿಟಿಓ, 37 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, 8 ಅಂದರೆ 1968, ಅದರ ಮುಂದಿನ 'ಪಿ' ಅಂದರೆ ಪಾಂಟಿಯಾಕ್ ಕಾರ್ಖಾನೆ.

ಇಂಥ ಕಾರಿಗೆ ಮಸಲ್ ಕಾರ್ ಅನ್ನುತ್ತಾರೆ. ದೊಡ್ಡ ವಿಷಯವೇನಲ್ಲ. ಮಧ್ಯಮ ಗಾತ್ರದ ಕಾರಿನೊಳಗೆ ದೊಡ್ಡ ಕಾರಿನ ಇಂಜಿನ್ ತುರುಕಿದ್ದು, ಅಷ್ಟೇ. ಮಧ್ಯಮ ಕಾರುಗಳಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಇಂಜಿನ್ ಹಾಕಬಾರದು ಅಂತ ಪಾಂಟಿಯಾಕ್‌ನ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನಲ್ಲಿ ನಿಯಮ ಇತ್ತು. 1964ರಲ್ಲಿ ಪಾಂಟಿಯಾಕ್‌ನವರು ಅದನ್ನು ಹಿಂಬಾಗಿಲಿಂದ ಮುರಿದರು. ಹೊಸ ಮಾಡೆಲ್ ಅನ್ನದೆ, ತಮ್ಮ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನ ಒಂದು 'ಆಪ್ಷನ್' ಅಂತ 389 ಇಂಜಿನ್ ಮಾರಿಬಿಟ್ಟರು. ಆ ಆಪ್ಷನ್ನಿನ ಹೆಸರೇ ಜಿಟಿಓ. 1968ಕ್ಕೆ ಅದರ ಇಂಜಿನ್ 400 ಕ್ಯೂಬಿಕ್ ಇಂಚು ಆಗಿತ್ತು, ಅಂದರೆ ಸುಮಾರು ಆರೂವರೆ ಲೀಟರ್, 350 ಹಾರ್ಸ್‌ಪವರ್. ನಮ್ಮಪ್ಪ ಓಡಿಸುತ್ತಿದ್ದ ಅಂಬಾಸಿಡರ್ ಒಂದೂವರೆ ಲೀಟರ್‌ನದು. ಅಂಥ ನಾಲ್ಕು ಇಂಜಿನ್ ಸೇರಿಸಿದರೂ ಇದರ ಲೆಕ್ಕಕ್ಕೆ ಬರಲ್ಲ.

ನಾನು ನಾಲ್ಕನೇ ಮಾಲೀಕ. ಮೂರನೆಯವರು ತೀರಿಕೊಂಡ ಮೇಲೆ ಅವರ ಹೆಂಡತಿ ಮಾರಿದರು. ಮೀಟರ್‌ನಲ್ಲಿ 61 ಸಾವಿರ ಮೈಲಿ. ಕಾರಿನ ಜೊತೆ ಒಂದು ಬಿಸ್ಕತ್ ಡಬ್ಬಿಯನ್ನೂ ಕೊಟ್ಟರು. ತುಂಬಾ ರಸೀದಿಗಳು, ಒಂದು ಒಣಗಿದ ರಬ್ಬರ್ ಬ್ಯಾಂಡು, ಎರಡನೇ ಮಾಲೀಕರ ಫೋನ್ ನಂಬರ್.

ಮೊದಲ ತಿಂಗಳು ಪಾನಾ ಮುಟ್ಟಲೇ ಇಲ್ಲ. ಫೋಟೋ ತೆಗೆದೆ, ಟಾರ್ಚ್ ಹಿಡಿದು ಅಡಿಯಲ್ಲಿ ಮಲಗಿದೆ, ಬರೆದುಕೊಂಡೆ. ಹಳೇ ಕಾರು ತಂದವರಿಗೆ ನಾನು ಹೇಳುವುದೂ ಇದನ್ನೇ. ಹಳೇ ಗುರುತು ಒರೆಸಿದರೆ ಹೋಯಿತು, ಮತ್ತೆ ಬರಲ್ಲ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಅಂತ ಒಂದಿದೆ. ದುಡ್ಡು ಕಟ್ಟಿ ನಂಬರ್ ಕೊಟ್ಟರೆ ಕಾರು ಕಾರ್ಖಾನೆಯಿಂದ ಹೊರಟಾಗಿನ ಇನ್‌ವಾಯ್ಸ್ ಪ್ರತಿ ಕಳಿಸುತ್ತಾರೆ. ನಾಲ್ಕು ಗೇರು, ಮುಚ್ಚಳದ ಹೆಡ್‌ಲೈಟು, ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ತೋರಿಸುವ, ಬಾನೆಟ್ ಮೇಲೆ ಕೂರಿಸಿದ ಟ್ಯಾಕೋಮೀಟರು, ಎಲ್ಲ ಅದರಲ್ಲಿ ಇತ್ತು. ಇಂಜಿನ್ ಮುಂಭಾಗದ ಜಿಡ್ಡನ್ನು ಬಟ್ಟೆಯಿಂದ ಮೆಲ್ಲಗೆ ಉಜ್ಜಿದಾಗ ಯಾವ ಬಗೆಯ ಇಂಜಿನ್ ಅಂತ ಹೇಳುವ 'ಡಬ್ಲ್ಯೂಟಿ' ಅನ್ನುವ ಎರಡಕ್ಷರ, ಜೊತೆಗೆ ಕಾರಿನ ನಂಬರಿನ ಕೊನೆಯ ಅಂಕಿಗಳು ಕಂಡವು. ಹುಟ್ಟಿದಾಗಿನ ಇಂಜಿನ್ನೇ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್‌ವಾಯ್ಸ್ ಹೇಳದಿದ್ದನ್ನು ಕಾರೇ ಹೇಳಿತು. ಬಲಗಡೆ ಹಿಂದಿನ ಸ್ಪ್ರಿಂಗ್ ಒಳಗೆ ಸುಲಿದ ಹಾವಿನ ಪೊರೆಯ ಹಾಗೆ ಏನೋ ನೇತಾಡುತ್ತಿತ್ತು. ಎಳೆದು ನೋಡಿದರೆ ಸ್ಪ್ರಿಂಗಿಗೆ ಬಲ ಕೊಡಲು ಗಾಳಿ ತುಂಬಿ ಇಡುವ ರಬ್ಬರ್ ಚೀಲ, ಹರಿದಿತ್ತು. ಡ್ರ್ಯಾಗ್ ರೇಸ್, ಅಂದರೆ ನೇರ ರಸ್ತೆಯಲ್ಲಿ ನಿಂತಲ್ಲಿಂದ ಓಡುವ ಪಂದ್ಯ, ಮಾಡುವವರು ಅದನ್ನು ಒಂದೇ ಕಡೆ ಹಾಕುತ್ತಿದ್ದರು. ಜೋರಾಗಿ ಹೊರಟಾಗ ಗಾಡಿ ಬಲಕ್ಕೆ ಕುಸಿಯದೆ ಎರಡೂ ಚಕ್ರ ಸಮನಾಗಿ ನೆಲ ಹಿಡಿಯಲಿ ಅಂತ. ಡ್ಯಾಶ್ ಕೆಳಗೆ ಎರಡು ತೂತು, ಯಾವುದೋ ಮೀಟರ್ ಕೂರಿಸಿ ಕಿತ್ತ ಗುರುತು. ಅಲ್ಲಿಗೆ ಮೊದಲ ಮಾಲೀಕ ಯಾರು ಅಂತ ಅರ್ಧ ಗೊತ್ತಾಯಿತು. ಉಳಿದರ್ಧ ಎರಡನೇ ಮಾಲೀಕರಿಂದ. ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಹುಡುಗನಂತೆ. ಸುಮಾರು 3,100 ಡಾಲರ್‌ನಿಂದ ಶುರುವಾಗುತ್ತಿದ್ದ ಕಾರನ್ನು ಕಂತಿನಲ್ಲಿ ಕೊಂಡು, ರಾತ್ರಿ ಹೊತ್ತು ವುಡ್‌ವರ್ಡ್ ಅವೆನ್ಯೂನಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಿದವನು. ಆಮೇಲೆ ಇಂಥ ಕಾರಿಟ್ಟ ಹುಡುಗರಿಗೆ ಇನ್ಶೂರೆನ್ಸ್ ಕಂತು ಕಾರಿನ ಕಂತನ್ನೇ ಮೀರಿಸತೊಡಗಿತು. 1971ರಲ್ಲಿ ಮಾರಿದ.

ಕೊಂಡವರು ಸ್ಕೂಲ್ ಟೀಚರ್. ನಾನು ಫೋನ್ ಮಾಡಿದಾಗ ಅವರಿಗೆ ಎಂಬತ್ತು ದಾಟಿತ್ತು. ಮೊದಲ ಪ್ರಶ್ನೆಯೇ, "ಅದು ಇನ್ನೂ ಕಣ್ಣು ಹೊಡೆಯುತ್ತಾ?"

ಹೊಡೆಯುತ್ತೆ. ಈ ಕಾರಿನ ಹೆಡ್‌ಲೈಟ್ ಮುಚ್ಚಳ ತೆರೆಯುವುದು ಇಂಜಿನ್ ಗಾಳಿ ಎಳೆಯುವಾಗ ಆಗುವ ವ್ಯಾಕ್ಯೂಮ್‌ನಿಂದ. ಸ್ವಿಚ್ ಎಳೆದರೆ ಎಡಗಡೆಯದು ಪಟ್ಟನೆ ತೆರೆದುಕೊಳ್ಳುತ್ತೆ. ಬಲಗಡೆಯದು ನಿದ್ದೆಗಣ್ಣಲ್ಲಿ ಎದ್ದ ಮಗುವಿನ ಹಾಗೆ ಮೂರು ನಾಲ್ಕು ಸೆಕೆಂಡು ತಡ. ಎಲ್ಲೋ ಪೈಪ್ ಸಣ್ಣಗೆ ಸೋರುತ್ತಿದೆ. ಹೊಸ ಪೈಪ್ ತಂದಿಟ್ಟು ಎಂಟು ವರ್ಷ ಆಯಿತು. ಹಾಕಿಲ್ಲ. ಟೀಚರ್ ಮಕ್ಕಳು ಹಿಂದಿನ ಸೀಟಿನಿಂದ ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದರಂತೆ. ಆ ಸೀಟಿನ ಕೆಳಗೆ ಕರಗಿ ಅಂಟಿದ ನೀಲಿ ಕ್ರೇಯಾನ್ ಸಿಕ್ಕಿದೆ. ಹಿಮ ಬಿದ್ದಾಗ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಬ್ಬಿಣಕ್ಕೆ ಅದೇ ವಿಷ. ಅವರು ಚಳಿಗಾಲಕ್ಕೆ ಬೇರೆ ಕಾರು ಇಟ್ಟುಕೊಂಡಿದ್ದರು. ಇವತ್ತು ಈ ಕಾರಿಗೆ ಅಡಿಭಾಗ ಅನ್ನುವುದು ಉಳಿದಿದ್ದರೆ ಅದು ಅವರ ಪುಣ್ಯ.

ಮೂರನೆಯವರು ಓಡಿಸಿದ್ದು ಕಮ್ಮಿ, ಮುಚ್ಚಿಟ್ಟಿದ್ದೇ ಜಾಸ್ತಿ. ಸೀಟಿನ ತುಂಬ ನುಸಿಗುಳಿಗೆ ವಾಸನೆ.

ಇನ್ನು ನಾನು ಮಾಡಿದ್ದು. ಒಂದೇ ಕಟ್ಟುಪಾಡು ಇಟ್ಟುಕೊಂಡೆ. ಜೀವಕ್ಕೆ ಅಪಾಯ ಅನ್ನುವಂಥದ್ದು, ಇಂಜಿನ್ ಹಾಳಾಗುವಂಥದ್ದು, ಇವೆರಡನ್ನು ಮಾತ್ರ ಬದಲಾಯಿಸುವುದು. ಕಿತ್ತಿದ್ದನ್ನು ಎಸೆಯದೆ ಚೀಟಿ ಅಂಟಿಸಿ ಡಬ್ಬಿಗೆ ಹಾಕುವುದು. ಬ್ರೇಕಿನ ರಬ್ಬರ್ ಪೈಪು, ವೀಲ್ ಸಿಲಿಂಡರ್, ಟೈರು, ಪೆಟ್ರೋಲ್ ಪೈಪು ಹೋದವು. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತೆ, ಅದು ಹಳೇ ರಬ್ಬರನ್ನು ತಿಂದುಬಿಡುತ್ತೆ. ಕಂಪ್ರೆಶನ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್-ಗಾಳಿಯನ್ನು ಒತ್ತುವ ಪ್ರಮಾಣ, 10.75ಕ್ಕೆ ಒಂದು, ಹಾಗಾಗಿ ಬಂಕಿನಲ್ಲಿ ಸಿಗುವ 93 ಆಕ್ಟೇನ್ ಪೆಟ್ರೋಲೇ ಇದಕ್ಕೆ ಸಾಲದು. ಏರು ಹತ್ತುವಾಗ ಟಿಣಿಟಿಣಿ ಅನ್ನುತ್ತೆ. ಅದಕ್ಕೇ ಕಿಡಿ ಹೊತ್ತುವ ಟೈಮಿಂಗ್ ಸ್ವಲ್ಪ ಹಿಂದಕ್ಕೆ ಇಟ್ಟಿದ್ದೇನೆ.

ನಿದ್ದೆ ಕೆಡಿಸಿದ್ದು ಮಾತ್ರ ಕ್ಯಾಮ್ ಗೇರು, ಅಂದರೆ ಇಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡವನ್ನು ತಿರುಗಿಸುವ ಗೇರು. ಆ ಕಾಲದ ಪಾಂಟಿಯಾಕ್ ಇಂಜಿನ್‌ಗಳಲ್ಲಿ ಟೈಮಿಂಗ್ ಚೈನ್ ಸುತ್ತುವ ಮೇಲಿನ ಗೇರಿಗೆ ಅಲ್ಯೂಮಿನಿಯಂ ಒಡಲು, ನೈಲಾನ್ ಹಲ್ಲು. ಸದ್ದು ಕಮ್ಮಿ ಆಗಲಿ ಅಂತ. ವಯಸ್ಸಾದಂತೆ ನೈಲಾನ್ ಕಡ್ಲೆಮಿಠಾಯಿ ಥರ ಆಗುತ್ತೆ, ಮುರಿದು ಆಯಿಲ್ ತೊಟ್ಟಿಗೆ ಬೀಳುತ್ತೆ, ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತೆ. ಆಮೇಲೆ ಇಂಜಿನ್ ಕಥೆ ಮುಗಿದಂತೆ. ಆದರೆ ಬಿಚ್ಚಬೇಕು ಅಂದರೆ ಕಾರ್ಖಾನೆಯಲ್ಲಿ ಬಿಗಿದ ಬೋಲ್ಟುಗಳನ್ನು ಬಿಚ್ಚಬೇಕು. ಅವುಗಳ ತಲೆ ಮೇಲೆ 1968ರ ತಿಳಿನೀಲಿ ಬಣ್ಣ ಇನ್ನೂ ಒಡೆದಿರಲಿಲ್ಲ.

ಮೊದಲು ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಇಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ಒಂದು ಕಡೆ ತಿರುಗಿಸಿ ನಿಲ್ಲಿಸಬೇಕು. ಆಮೇಲೆ ಮೆಲ್ಲಗೆ ಹಿಂದಕ್ಕೆ. ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗಿದ ಮೇಲೆ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಅಲುಗುತ್ತೆ ಅಂತ ನೋಡಬೇಕು. ಅದೇ ಚೈನಿನ ಸಡಿಲ. ನನ್ನದರಲ್ಲಿ ಹತ್ತು ಡಿಗ್ರಿ ದಾಟಿತು. ಎರಡು ವಾರ ಸುಮ್ನೆ ಗ್ಯಾರೇಜಲ್ಲಿ ಕೂತು ಯೋಚಿಸಿದೆ. ಕೊನೆಗೆ ಬಿಚ್ಚಿದೆ. ಇಂಜಿನ್ ಸ್ವಲ್ಪ ಎತ್ತಿ ಆಯಿಲ್ ತೊಟ್ಟಿ ಇಳಿಸಿದರೆ ತಳದಲ್ಲಿ ಕಪ್ಪು ಕೆಸರು. ಬೆರಳಾಡಿಸಿದಾಗ ಅಕ್ಕಿಯೊಳಗಿನ ಕಲ್ಲಿನ ಹಾಗೆ ಏನೋ ಸಿಕ್ಕಿತು. ಒಟ್ಟು ಹನ್ನೊಂದು ಹಲ್ಲು. ಜಾಲರಿಗೆ ಇನ್ನೆರಡು ಕಚ್ಚಿಕೊಂಡಿದ್ದವು. ಪೂರ್ತಿ ಕಬ್ಬಿಣದ ಗೇರು ಹಾಕಿದೆ. ಬೋಲ್ಟುಗಳ ಮೂಲೆಯ ಬಣ್ಣ ಹೋಯಿತು. ಅದಕ್ಕೆ ಹೊಸ ಬಣ್ಣ ಹಚ್ಚಲಿಲ್ಲ. ಬಿಚ್ಚಿದ್ದು ಗೊತ್ತಾಗಲಿ ಬಿಡಿ. ಹಲ್ಲುಗಳು ಉಪ್ಪಿನಕಾಯಿ ಬಾಟಲಿಯಲ್ಲಿವೆ.

ತಪ್ಪೂ ಮಾಡಿದ್ದೇನೆ. ಎಡಗಡೆ ಬಾಗಿಲಿನ ಮೇಲೆ ಮಸುಕಾದ ಜಾಗವೊಂದಿತ್ತು. ಕಾಂಪೌಂಡ್ ಹಾಕಿ ಉಜ್ಜಿದರೆ ಹೊಳೆಯುತ್ತೆ ಅಂದುಕೊಂಡೆ. ಆಗಿನ ಲ್ಯಾಕರ್ ಬಣ್ಣ ತೆಳು, ಅದರ ಮೇಲೆ ಐವತ್ತು ವರ್ಷದ ಪಾಲಿಶ್ ಬೇರೆ. ಬಟ್ಟೆ ಹಸಿರಾಯಿತು, ಇನ್ನೆರಡು ಸಲ ಉಜ್ಜುವಷ್ಟರಲ್ಲಿ ಬಣ್ಣದ ಅಡಿಯ ಪ್ರೈಮರ್ ಇಣುಕಿತು. ಒಂದು ಹೆಬ್ಬೆರಳಗಲ. ಮೂರು ಮಾಲೀಕರು ನಲವತ್ತೇಳು ವರ್ಷ ಮಾಡದ ಕೆಲಸವನ್ನು ನಾನು ಐದು ನಿಮಿಷದಲ್ಲಿ ಮಾಡಿದೆ. ಆಮೇಲೆ ನೀರು, ಸೌಮ್ಯವಾದ ಸೋಪು, ಮೆತ್ತನೆ ಬಟ್ಟೆ, ಇಷ್ಟು ಬಿಟ್ಟು ಬೇರೇನೂ ಮುಟ್ಟಿಸಿಲ್ಲ.

ಆ ಮಚ್ಚೆ ಒಂದೇ ಅಲ್ಲ ನನ್ನದು. ಅಮ್ಮ ಬಂದಿದ್ದ ವರ್ಷ ಆಯುಧಪೂಜೆಗೆ ಬೇಡ ಬೇಡ ಅನ್ನುವಷ್ಟರಲ್ಲಿ ಬಾನೆಟ್ಟಿಗೆ ಒದ್ದೆ ಕುಂಕುಮ ಇಟ್ಟೇಬಿಟ್ಟರು. ಹಳೇ ಲ್ಯಾಕರ್‌ನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಕೆಂಪು ಅದರೊಳಗೆ ಇಳಿಯಿತು. ಹತ್ತಿರ ಬಗ್ಗಿ ನೋಡಿದರೆ ಸಣ್ಣ ಬೇರಿನ ಹಾಗೆ ಕಾಣುತ್ತೆ. ಪ್ರದರ್ಶನವೊಂದರಲ್ಲಿ ತೀರ್ಪುಗಾರರು ಏನಿದು ಅಂತ ಕೇಳಿ, ನಾನು ವಿವರಿಸಿದ್ದನ್ನು ಮುಖ ಗಂಟಿಕ್ಕಿಕೊಂಡು ಬರೆದುಕೊಂಡರು. ಎಷ್ಟು ಅಂಕ ಕಳೆದರೋ ಕೇಳಲಿಲ್ಲ. ಡಬ್ಬಿಯಲ್ಲಿ ಮಾತ್ರ ಅದಕ್ಕೂ ಒಂದು ಚೀಟಿ ಇದೆ.

ಈಗ ಇನ್ನೊಂದು ಪೇಚಾಟ. ಹಿಂದಿನ ಗಾಜಿನ ಕೆಳಗಿನ ಅಂಚಿನಲ್ಲಿ ತುಕ್ಕು ಹಿಡಿದು ಎರಡು ಕಡೆ ತೂತಾಗಿದೆ. ಈ ಕಾರುಗಳಿಗೆ ಇದು ಮಾಮೂಲಿ ಕಾಯಿಲೆ. ಸರಿಯಾಗಿ ರಿಪೇರಿ ಮಾಡಬೇಕು ಅಂದರೆ ಗಾಜು ಇಳಿಸಿ, ತಗಡು ಕತ್ತರಿಸಿ, ಹೊಸದು ವೆಲ್ಡ್ ಮಾಡಿ, ಸುತ್ತ ಒಂದಡಿಯಾದರೂ ಬಣ್ಣ ಹೊಡೆಯಬೇಕು. ಒಂದು ಕಡೆ ಬಣ್ಣ ಬಿದ್ದರೆ ಪಕ್ಕದ್ದು ಹಳೆಯದಾಗಿ ಕಾಣುತ್ತೆ, ಆಮೇಲೆ ಅದರ ಪಕ್ಕದ್ದು. ಟಿಂಕರಿಂಗ್ ಮಾಡುವವರೊಬ್ಬರು ನೋಡಿ, "ಶುರು ಮಾಡಿದರೆ ಮುಂದಿನ ಬಂಪರ್‌ವರೆಗೂ ಹೋಗಬೇಕು" ಅಂದರು. ಗೆಳೆಯನಿಗೆ ಈ ವಿಷಯ ಇನ್ನೂ ಹೇಳಿಲ್ಲ. ಸದ್ಯಕ್ಕೆ ಡಿಕ್ಕಿಯಲ್ಲಿ ಒಂದು ಹಳೇ ಟವೆಲ್ ಹಾಸಿದ್ದೇನೆ. ಮಳೆ ಬಂದ ಮಾರನೇ ದಿನ ಹಿಂಡಿ ಒಣಗಿಹಾಕುತ್ತೇನೆ.