ಮಾಷ್ಟ್ರನ್ನು ನೆನಪು ಮಾಡುವುದು ಹೇಗೆ: ನಾವು ಮಾಡಿದ್ದು, ನಿಮಗೂ ಆಗಬಹುದು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆ ಕನ್ನಡ ಮೀಡಿಯಂನಲ್ಲಿ ಕಲಿತ ತುಂಬಾ ಜನರಿಗೆ ಒಬ್ಬ ಕ್ರಿಶ್ಚನ್ ಮಾಷ್ಟ್ರೋ ಟೀಚರೋ ಇದ್ದೇ ಇರ್ತಾರೆ, ಮನೆಯಲ್ಲಿ ಕೊಂಕಣಿ, ಕ್ಲಾಸಲ್ಲಿ ಚಂದದ ಕನ್ನಡ, ದಾರಿಯಲ್ಲಿ ಸಿಕ್ಕಿದ್ರೆ ತುಳು. ನಮ್ಮ ಮಾಷ್ಟ್ರು ತೀರಿಹೋದಾಗ ನಾನು ಸ್ಟೇಟಸ್‌ಗೆ ಫೋಟೋ ಹಾಕಿ ಸುಮ್ಮನಾದೆ, ಆದ್ರೆ ಮನಸ್ಸಿಗೆ ಸಮಾಧಾನವೇ ಆಗ್ಲಿಲ್ಲ. ಆಮೇಲೆ ನಾವು ಕೆಲವು ಹಳೆ ಮಕ್ಕಳು ಸೇರಿ ಏನೇನು ಮಾಡಿದೆವು ಅಂತ ಹೇಳ್ತೇನೆ.

ಮೊದಲು ಬರೆದಿಡಿ, ತಡ ಮಾಡ್ಬೇಡಿ. "ಸರಳ ಸಜ್ಜನರು, ಆದರ್ಶ ಶಿಕ್ಷಕರು" ಅಂತೆಲ್ಲ ಬೇಡ, ಅದನ್ನು ಯಾರ ಬಗ್ಗೆ ಬೇಕಾದ್ರೂ ಬರೀಬಹುದು. ನಿಮಗೆ ಏನು ಕೊಟ್ರು, ಯಾವ ಬಟ್ಲಲ್ಲಿ ಕೊಟ್ರು, ಅದನ್ನು ಬರೀರಿ. ನನ್ನದು ಹೀಗುಂಟು: ಏಳನೇ ಕ್ಲಾಸು, ಜುಲೈ ತಿಂಗಳು, ತೋಡು ತುಂಬಿ ಸಂಕ ದಾಟ್ಲಿಕ್ಕೆ ಆಗುವ ಹಾಗಿರ್ಲಿಲ್ಲ, ಮಾಷ್ಟ್ರು ತಮ್ಮ ಕೊಡೆಯಡಿ ಸೇರಿಸಿಕೊಂಡು ಮನೆಗೆ ಕರ್ಕೊಂಡು ಹೋದ್ರು. ಬಾಯಮ್ಮ, ಅಂದ್ರೆ ಮಾಷ್ಟ್ರ ಹೆಂಡತಿ, ತಲೆ ಒರೆಸ್ಲಿಕ್ಕೆ ಬೈರಾಸು ಕೊಟ್ಟು, "ಮೀನು ತಿನ್ನುದಿಲ್ಲ ಅಲ್ವಾ ಮಗಾ, ಇವತ್ತು ನಾವೂ ಮಾಡ್ಲಿಲ್ಲ" ಅಂದ್ರು. ಕುಚ್ಚಿಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಬಟ್ಲು ಹೊಸ ಸ್ಟೀಲಿನದ್ದು, ಅಡಿಯಲ್ಲಿ ಸ್ಟಿಕ್ಕರ್ ಕಿತ್ತ ಅಂಟು ಇನ್ನೂ ಬೆರಳಿಗೆ ತಾಗ್ತಿತ್ತು. ಇದನ್ನು ಬರೆದು ಅವರ ಮಗಳಿಗೆ ಕಳಿಸಿದ್ಮೇಲೆ ಅವರು ಹೇಳಿದ್ದು, ಆ ದಿನ ಸುಡ್ಲಿಕ್ಕೆ ಅಂತ ಒಣಮೀನು ತೆಗೆದಿಟ್ಟಿದ್ದಂತೆ, ನನ್ನನ್ನು ನೋಡಿ ಬಾಯಮ್ಮ ಅದನ್ನು ವಾಪಸ್ ಡಬ್ಬಿಗೆ ಹಾಕಿದ್ದಂತೆ. ಬರೆಯದೇ ಇರ್ತಿದ್ರೆ ಇದು ನನಗೆ ಗೊತ್ತೇ ಆಗ್ತಿರ್ಲಿಲ್ಲ.

ಟೈಪ್ ಮಾಡ್ಲಿಕ್ಕೆ ಆಗದ ಹಿರಿಯರಿಂದ ವಾಯ್ಸ್ ಮೆಸೇಜ್ ತೆಗೊಳ್ಳಿ. ತುಳುವಿನಲ್ಲೋ ಮಲಯಾಳದಲ್ಲೋ ಮಾತಾಡ್ಲಿ, ತಿದ್ಲಿಕ್ಕೆ ಹೋಗ್ಬೇಡಿ. ಹೆಸರು, ತಾರೀಕು ಹಾಕಿ ಪೆನ್‌ಡ್ರೈವಿಗೂ ಒಂದು ಕಾಪಿ ಮಾಡಿ ಮನೆಯವರಿಗೆ ಕೊಡಿ.

ಇಗರ್ಜಿಯಲ್ಲಿ, ಅಂದ್ರೆ ಚರ್ಚಲ್ಲಿ, ಅವರ ಹೆಸರಲ್ಲಿ ಪೂಜೆ ಇಡಬೇಕು ಅಂತಿದ್ರೆ ಮೊದಲು ಮನೆಯವರ ಹತ್ರ ಕೇಳಿ, ಆಮೇಲೆ ಫಾದರ್ ಹತ್ರ ಹೆಸರು, ದಿನ ಹೇಳಿದ್ರೆ ಸಾಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ್ರೂ ಇಲ್ಲಿನ ಕೊಂಕಣಿ ಕ್ಯಾಥೋಲಿಕರ ಇಗರ್ಜಿಗಳು ಇವತ್ತಿಗೂ ಮಂಗಳೂರಿನ ಬಿಷಪರ ಡಯಾಸಿಸ್‌ನವು, ಪೂಜೆ ಹೆಚ್ಚಾಗಿ ಕೊಂಕಣಿಯಲ್ಲೇ. ಅರ್ಥ ಆಗದಿದ್ರೂ ಪರ್ವಾಗಿಲ್ಲ, ಹಿಂದಿನ ಬೆಂಚಲ್ಲಿ ಕೂತು, ಎಲ್ಲರೂ ನಿಂತಾಗ ನಿಂತ್ಕೊಳ್ಳಿ. ಪ್ರಸಾದ ಅಂದ್ಕೊಂಡು ಪರಮಪ್ರಸಾದದ ಸಾಲಿಗೆ ಮಾತ್ರ ಹೋಗ್ಬೇಡಿ, ಅದು ಅವರ ಸಭೆಯಲ್ಲಿ ದೀಕ್ಷೆ ಆದವರಿಗೆ. ಮನೆಯಲ್ಲಿರುವ ಫೋಟೋಕ್ಕೆ ಕುಂಕುಮ ಇಡ್ಲಿಕ್ಕೂ ಹೋಗ್ಬೇಡಿ, ಒಂದು ಮೊಂಬತ್ತಿ ಸಾಕು.

ನವೆಂಬರ್ 2 ಸತ್ತವರ ದಿನ, ಎಲ್ಲರೂ ಸಮಾಧಿಗೆ ಹೋಗಿ ಹೂ ಇಟ್ಟು ಮೊಂಬತ್ತಿ ಹಚ್ತಾರೆ. ಎರಡು ದಿನ ಮೊದಲೇ ಹೋಗಿ, ಮನೆಯವರಿಗೆ ಹೇಳಿ, ಕ್ಲೀನ್ ಮಾಡಿ ಬನ್ನಿ. ಮಳೆಗಾಲದ ಪಾಚಿಗೆ ತೆಂಗಿನ ನಾರು ಮತ್ತು ನೀರೇ ಸಾಕು, ಆಸಿಡ್ ಹಾಕಿದ್ರೆ ಕಲ್ಲಿನ ಮೇಲಿನ ಅಕ್ಷರ ಹಾಳಾಗ್ತದೆ. ಆ ಹೊತ್ತಿಗೆ ಸಂಜೆ ಮಳೆ ಗಾಳಿ ಇರ್ತದೆ, ಹಾಗಾಗಿ ತೆಂಗಿನ ಗೆರಟೆಯಲ್ಲಿ ಹೊಯಿಗೆ (ಮರಳು) ತುಂಬಿಸಿ ಮೊಂಬತ್ತಿಯನ್ನು ಅದರೊಳಗೆ ತಗ್ಗಿಸಿ ನಿಲ್ಲಿಸಿ.

ಸಭೆ ಮಾಡುದಾದ್ರೆ ಸಣ್ಣದಾಗಿ, ಅವರ ಜಗಲಿಯಲ್ಲೇ ಮಾಡಿ. ನಾವು ಮಂಜೇಶ್ವರ ಗೋವಿಂದ ಪೈಗಳ ಗೊಲ್ಗೊಥಾದಿಂದ ನಾಲ್ಕು ಸಾಲು ಓದಿದೆವು, ಯೇಸುವಿನ ಕೊನೇ ದಿನದ ಬಗ್ಗೆ ನಮ್ಮೂರಿನ ಕವಿ ಕನ್ನಡದಲ್ಲಿ ಬರೆದದ್ದು, ಮಾಷ್ಟ್ರು ಕ್ಲಾಸಲ್ಲಿ ಅದನ್ನು ಓದುವಾಗ ಸ್ವರ ಸಣ್ಣದಾಗ್ತಿತ್ತು. ಶಾಲು, ಸ್ಮರಣಿಕೆ ಯಾವುದೂ ಇರ್ಲಿಲ್ಲ. ಬಂದವರಿಗೆಲ್ಲ ಊಟ ಮಾತ್ರ ಇತ್ತು, ಅದನ್ನು ಬಿಡ್ಲಿಕ್ಕೇ ಆಗುದಿಲ್ಲ, ಅವರ ಮನೆಯಿಂದ ಯಾರೂ ಉಣ್ಣದೆ ಹೋದದ್ದಿಲ್ಲ.

ಅವರು ಹೋದ್ಮೇಲೆ ಬಾಯಮ್ಮನನ್ನು ಮರೀಬೇಡಿ, ಇದು ನನಗೆ ಎಲ್ಲದಕ್ಕಿಂತ ದೊಡ್ಡದು. ಮೊದಲ ತಿಂಗಳು ಮನೆ ತುಂಬಾ ಜನ ಇರ್ತಾರೆ, ಆರನೇ ತಿಂಗಳಿಗೆ ಗೇಟು ತೆಗೆಯುವವರು ಇರುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೋಗಿ. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ಭತ್ತದ ತೆನೆ ಇಗರ್ಜಿಯಲ್ಲಿ ಆಶೀರ್ವಾದ ಆಗಿ ಮನೆಗೆ ಬರ್ತದೆ, ಊಟ ಆ ದಿನ ಪೂರ್ತಿ ಸಸ್ಯಾಹಾರ, ಬಾಳೆಲೆಯಲ್ಲಿ. ತರಕಾರಿಗಳ ಲೆಕ್ಕ ಬೆಸಸಂಖ್ಯೆ ಆಗ್ಬೇಕು, ಮೂರೋ ಐದೋ ಏಳೋ. ಈ ಸಲ ನಾನು ತೋಟದ ಹೀರೆಕಾಯಿ ತರ್ತೇನೆ ಅಂತ ಫೋನ್ ಮಾಡಿದ್ದೆ. "ಬೇಡ ಮಗಾ, ಆರಾಗ್ತದೆ," ಅಂದ್ರು ಬಾಯಮ್ಮ, "ಅಲಸಂಡೆಯೂ ಒಂದು ಹಿಡಿ ತಾ."