ಕುದಿವ ಹಾಲಿಗೆ ಹೆಪ್ಪು ಹಾಕಬೇಡಿ: ಉದ್ದಿನ ಬೀಜಕ್ಕೆ ರೈಜೋಬಿಯಂ ಹಚ್ಚುವ ಬಗೆ

ಬ್ರಹ್ಮಾವರ ಕಡೆಯ ನೆಂಟರೊಬ್ಬರು ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದ ಪುಡಿ ಹಚ್ಚಿದ ಉದ್ದಿನ ಬೀಜವನ್ನು ತಾರಸಿಯ ಮೇಲೆ, ನಡು ಮಧ್ಯಾಹ್ನದ ಬಿಸಿಲಿಗೆ, ಹಪ್ಪಳ ಒಣಗಿಸಿದ ಹಾಗೆ ಹರವಿದ್ದರು. ಬೀಜ ಗರಿಗರಿಯಾಗಿ ಒಣಗಿತು, ಅದರ ಮೇಲಿದ್ದ ಜೀವವೂ ಒಣಗಿತು. ತಿಂಗಳ ನಂತರ ಗಿಡ ಅಗೆದು ನೋಡಿದರೆ ಬೇರಿನಲ್ಲಿ ನಾಲ್ಕೇ ನಾಲ್ಕು ಗಂಟು. ಬೈಗುಳ ತಿಂದದ್ದು ಮಾತ್ರ ಪೊಟ್ಟಣ.

ಆ ಕಪ್ಪು ಪುಡಿಯನ್ನು ಗೊಬ್ಬರ ಎಂದುಕೊಳ್ಳುವುದರಿಂದಲೇ ಎಡವಟ್ಟು ಶುರುವಾಗುತ್ತದೆ. ಅದನ್ನು ಮೊಸರಿನ ಹೆಪ್ಪು ಎಂದುಕೊಳ್ಳಿ. ಬೇರಿನ ರೋಮದ ಮೂಲಕ ಒಳಹೊಕ್ಕ ಬ್ಯಾಕ್ಟೀರಿಯಾ ಗಂಟು ಕಟ್ಟಿಕೊಂಡು, ಗಿಡ ಕೊಟ್ಟ ಸಕ್ಕರೆ ತಿಂದು, ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತದೆ. ಗಂಟಿನಿಂದ ಇದನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದವರು ಡಚ್ ವಿಜ್ಞಾನಿ ಬೈಜರಿಂಕ್. ನಮ್ಮ ಮಣ್ಣಿನಲ್ಲಿಯೂ ಇದು ಉಂಟು. ಆದರೆ ಮಳೆಗಾಲವಿಡೀ ನೀರು ನಿಂತ ಬೈಲುಗದ್ದೆಯ ಹುಳಿಮಣ್ಣು ಅದಕ್ಕೆ ಹಿತವಲ್ಲ. ಭತ್ತ ಕೊಯ್ದ ಮೇಲೆ ಉದ್ದು ಬಿತ್ತುವವರು ಹೊರಗಿನಿಂದ ಹಚ್ಚಬೇಕಾದದ್ದು ಅದಕ್ಕೇ.

ಹೆಜ್ಜೆ 1: ಪೊಟ್ಟಣ. ಅವಧಿ ಮುಗಿಯುವ ದಿನಾಂಕ ನೋಡಿ, ಬೆಳೆಯ ಹೆಸರನ್ನೂ ನೋಡಿ. ಸೋಯಾಕ್ಕೋ ಕಡಲೆಗೋ ಮಾಡಿದ್ದು ಉದ್ದಿಗೆ ಆಗುವುದಿಲ್ಲ. ಅಂಗಡಿಯ ಎದುರು ಬಿಸಿಲಿಗೆ ತೂಗುಹಾಕಿದ್ದನ್ನು ಪುಕ್ಕಟೆ ಕೊಟ್ಟರೂ ನಾನು ತರುವುದಿಲ್ಲ. ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಮೊದಲೇ ವಿಚಾರಿಸಿ. ತಂದದ್ದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಮರೆಯಬೇಡಿ.

ಹೆಜ್ಜೆ 2: ಅಂಟು. ಎಲ್ಲರೂ ಕೆಡಿಸುವುದು ಇಲ್ಲಿಂದ ಮುಂದೆ. 10 ಕೆ.ಜಿ. ಬೀಜಕ್ಕೆ ಸಾಮಾನ್ಯವಾಗಿ 200 ಗ್ರಾಂ ಪುಡಿ ಸಾಕು. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಪೂರ್ತಿ ಎಂದರೆ ಪೂರ್ತಿ: ಬೆರಳು ಅದ್ದಿದರೆ ತಣ್ಣಗೆ ತಾಗಬೇಕು. ಉಗುರುಬೆಚ್ಚಗಿದ್ದರೆ ನಡೆಯುತ್ತದೆ ಎನ್ನುವವರಿದ್ದಾರೆ, ಅವರ ಮಾತು ಬೇಡ. ಹಿಂದಿನ ರಾತ್ರಿಯೇ ಕುದಿಸಿಟ್ಟರೆ ಈ ತಕರಾರೇ ಇಲ್ಲ. ನಳ್ಳಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಬಾವಿ ನೀರೇ ಒಳ್ಳೆಯದು.

ಆರಿದ ಬೆಲ್ಲದ ನೀರಿಗೆ ಪುಡಿ ಕದಡಿ. ಬೀಜವನ್ನು ನೆರಳಿನಲ್ಲಿ ಗೋಣಿಯ ಮೇಲೆ ಹರವಿ, ಅಂಟನ್ನು ಸ್ವಲ್ಪಸ್ವಲ್ಪವೇ ಚಿಮುಕಿಸುತ್ತ ಅಂಗೈಯಿಂದ ಮೆಲ್ಲಗೆ ಹೊರಳಿಸಿ. ಉಜ್ಜಬೇಡಿ. ಅರ್ಧ ಲೀಟರನ್ನೂ ಮುಗಿಸಲೇಬೇಕೆಂಬ ಹಟ ಬೇಡ, ಪ್ರತಿ ಕಾಳಿಗೂ ತೆಳ್ಳಗೆ ಕಪ್ಪು ಹಿಡಿದರೆ ನಿಲ್ಲಿಸಿ. ನೀರು ಹೆಚ್ಚಾದರೆ ಉದ್ದು ಉಬ್ಬಿ ಸಿಪ್ಪೆ ಸಡಿಲವಾಗುತ್ತದೆ, ದೋಸೆಗೆ ನೆನೆಹಾಕಿದ ಹಾಗೆ. ಒಣಪುಡಿಯನ್ನೇ ಚೀಲಕ್ಕೆ ಸುರಿದು ಕುಲುಕುವ ಅಡ್ಡದಾರಿಯೂ ಉಂಟು. ಬಿತ್ತುವಾಗ ಪುಡಿಯೆಲ್ಲ ಚೀಲದ ತಳದಲ್ಲಿರುತ್ತದೆ.

ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಎರಡನ್ನೂ ಒಂದೇ ಬೋಗುಣಿಯಲ್ಲಿ ಕಲಸಿದರೆ ಒಂದು ಇನ್ನೊಂದನ್ನು ಕೊಲ್ಲುತ್ತದೆ. ನಾನಂತೂ ರಾಸಾಯನಿಕ ಬಿಟ್ಟು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬಳಸುತ್ತೇನೆ.

ಮಣ್ಣು ಹುಳಿ ಎಂದು ವೀಳ್ಯದ ಸುಣ್ಣವನ್ನು ಬೀಜಕ್ಕೇ ಸವರಿದವರನ್ನೂ ಕಂಡಿದ್ದೇನೆ. ಚಿಪ್ಪು ಸುಟ್ಟು ಮಾಡಿದ ಸುಣ್ಣ ನಾಲಿಗೆಯನ್ನೇ ಸುಡುತ್ತದೆ, ಬ್ಯಾಕ್ಟೀರಿಯಾ ಉಳಿದೀತೇ ಮಾರಾಯ್ರೆ? ಸುಣ್ಣ ಹಾಕುವುದು ಗದ್ದೆಗೆ, ಅದೂ ಮಣ್ಣು ಪರೀಕ್ಷೆ ಮಾಡಿಸಿ, ಬಿತ್ತನೆಗೆ ಎರಡು ವಾರ ಮೊದಲು.

ಹೆಜ್ಜೆ 3: ಆರಿಸುವುದು. ಚಾವಡಿಯ ನೆರಳಿನಲ್ಲಿ ಅರ್ಧ ಗಂಟೆ. ಕಾಳು ಕಾಳಿಗೆ ಅಂಟದಿದ್ದರೆ ಆಯಿತು. ಫ್ಯಾನ್ ಬೇಡ.

ಹೆಜ್ಜೆ 4: ಬಿತ್ತನೆ. ಅದೇ ದಿನ, ಸಂಜೆ, ತೇವ ಇರುವಾಗ. ಬಿತ್ತಿದ ಕೂಡಲೇ ಮಣ್ಣು ಮುಚ್ಚಿ. ಯೂರಿಯಾ ಜೊತೆ ಬೆರೆಸಬೇಡಿ. ಸಾರಜನಕ ಬಿಟ್ಟಿ ಸಿಕ್ಕಿದ ಗಿಡ ಗಂಟು ಸಾಕುವ ಗೋಜಿಗೆ ಹೋಗುವುದಿಲ್ಲ.

ಹೆಜ್ಜೆ 5: ಪರೀಕ್ಷೆ. ಹೂ ಬಿಡುವ ಹೊತ್ತಿಗೆ ನಾಲ್ಕೈದು ಗಿಡ ಅಗೆಯಿರಿ. ಜಗ್ಗಿದರೆ ಗಂಟುಗಳು ಮಣ್ಣಿನಲ್ಲೇ ಕಳಚಿಕೊಳ್ಳುತ್ತವೆ, ಆಮೇಲೆ ಗಂಟೇ ಇಲ್ಲ ಎನ್ನುತ್ತೀರಿ. ಬಕೆಟ್ಟಿನಲ್ಲಿ ಬೇರು ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಕೆಂಪಿನ ಸಂಬಂಧಿ. ಬಿಳಿಯಾಗಿದ್ದರೆ ಗಂಟು ಎಳೆಯದು ಅಥವಾ ನಿರುಪಯೋಗಿ, ಹಸಿರಾಗಿದ್ದರೆ ಮುದಿಯಾಗಿದೆ. ಬೆರಳಿಗೆ ಸುಲಭವಾಗಿ ಬಿಡಿಸಿ ಬರದೆ ಬೇರೇ ಊದಿಕೊಂಡಿದ್ದರೆ ಅದು ಮಣ್ಣಿನ ಜಂತುಹುಳದ (ನೆಮಟೋಡ್) ಕೆಲಸ.

ಇನ್ನೊಂದು: ಕೊಯ್ಲಿಗೆ ಗಿಡ ಕೀಳಬೇಡಿ, ಕತ್ತಿಯಿಂದ ಬುಡ ಕೊಯ್ಯಿರಿ, ಬೇರು ಗದ್ದೆಯಲ್ಲೇ ಕೊಳೆಯಲಿ. ಕಿತ್ತರೆ ಬೇಗ ಮುಗಿಯುತ್ತದೆ ಎಂದು ಕೆಲಸದವರು ಗೊಣಗುತ್ತಾರೆ. ನಾನು ಅವರ ಕೈಗೆ ಕತ್ತಿಯನ್ನೇ ಕೊಡುವುದು.