ಪಿಕಪ್‌ಗೆ ಹೊಸ ಆಕ್ಸಿಜನ್ ಸೆನ್ಸರ್: ನಾನು ಆರಿಸಿದ ಬಗೆ

ಆಕ್ಸಿಜನ್ ಸೆನ್ಸರ್ ಬದಲಿಸಬೇಕು ಅಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಯಾವ ಬ್ರ್ಯಾಂಡ್ ಒಳ್ಳೆಯದು ಅಂತ. ನನ್ನ ಪಿಕಪ್‌ನಲ್ಲಿ ಈ ಕೆಲಸ ಮಾಡಿ ಮುಗಿಸಿದ ಮೇಲೆ ನನಗನ್ನಿಸಿದ್ದು, ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸೆನ್ಸರ್ ನಿಜವಾಗಿ ಹೋಗಿದೆಯಾ, ಹೋಗಿದ್ದರೆ ಯಾವುದು, ಅದು ಯಾವ ಜಾತಿಯದು, ಇಷ್ಟು ಗೊತ್ತಾದರೆ ಬ್ರ್ಯಾಂಡ್ ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ.

ನನ್ನದು ಪೆಟ್ರೋಲ್ ವಿ8 ಎಂಜಿನ್, ಅಂದರೆ ಎರಡು ಮಗ್ಗುಲಿಗೆ ನಾಲ್ಕು ನಾಲ್ಕು ಸಿಲಿಂಡರ್. ಒಟ್ಟು ನಾಲ್ಕು ಸೆನ್ಸರ್. ಎಂಜಿನ್ನಿನ ಎರಡೂ ಮಗ್ಗುಲಿಗೆ ಎರಡೆರಡು, ಒಂದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದೆ, ಇನ್ನೊಂದು ಹಿಂದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಮುಂದಿನದು ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರಿಗೆ ತಿಳಿಸುತ್ತದೆ. ಅದನ್ನು ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಹಿಂದಿನದರ ಮುಖ್ಯ ಕೆಲಸ ಕನ್ವರ್ಟರ್ ಮೇಲೆ ಕಣ್ಣಿಡುವುದು. ಹಾಗಾಗಿ ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಅಂತ ಹಿಂದಿನ ಸೆನ್ಸರ್ ಬದಲಿಸಿದರೆ ಸಾಮಾನ್ಯವಾಗಿ ಏನೂ ಉಪಯೋಗವಿಲ್ಲ.

ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತ್ತು. ಕಂಪ್ಯೂಟರ್ ಗುರುತಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ, ಪಿ0133 ಬಂತು. ಒಂದನೇ ಬ್ಯಾಂಕಿನ, ಅಂದರೆ ಎಂಜಿನ್ನಿನ ಒಂದು ಮಗ್ಗುಲಿನ, ಮುಂದಿನ ಸೆನ್ಸರ್ ತಡವಾಗಿ ಪ್ರತಿಕ್ರಿಯೆ ಕೊಡುತ್ತಿದೆ ಅಂತ ಅದರ ಅರ್ಥ. ಕೋಡ್‌ನಲ್ಲಿ ಸೆನ್ಸರ್ ಹೆಸರು ಬಂದ ಮಾತ್ರಕ್ಕೆ ತಪ್ಪು ಸೆನ್ಸರ್‌ನದೇ ಆಗಬೇಕಿಲ್ಲ. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್‌ನಲ್ಲಿ ಎಲ್ಲಾದರೂ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪೆಟ್ರೋಲ್ ಸಾಲುತ್ತಿಲ್ಲ ಅನ್ನುತ್ತದೆ. ಕಂಪ್ಯೂಟರ್ ನಂಬಿ ಇನ್ನಷ್ಟು ಸುರಿಯುತ್ತದೆ. ಹೊಸ ಸೆನ್ಸರ್ ಹಾಕಿದರೂ ಅದು ಇದೇ ಸುಳ್ಳನ್ನು ಹೇಳುತ್ತದೆ, ಪಾಪ ಅದರ ತಪ್ಪೇನಿಲ್ಲ. ವಿ8 ಪಿಕಪ್‌ಗಳಲ್ಲಿ ಎಂಜಿನ್ನಿನಿಂದ ಹೊಗೆ ಹೊರತರುವ ಮ್ಯಾನಿಫೋಲ್ಡ್‌ನ ಬೋಲ್ಟ್ ಮುರಿಯುವುದು ಅಪರೂಪವಲ್ಲ. ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ನಿಂತರೆ ಅನುಮಾನ ಪಡಬೇಕು.

ನಾನು ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ಪೈಪಿಗೆ ಬಟ್ಟೆ ಸುತ್ತಿ ಸಿಕ್ಕಿಸಿದೆ. ಆಮೇಲೆ ಎಲ್ಲ ಜಾಯಿಂಟ್‌ಗಳಿಗೂ ಸೋಪು ನೀರು ಸಿಂಪಡಿಸಿದೆ. ಲೀಕ್ ಇದ್ದರೆ ಅಲ್ಲಿ ಗುಳ್ಳೆ ಏಳುತ್ತದೆ. ನನ್ನ ಗಾಡಿಯಲ್ಲಿ ಎಲ್ಲೂ ಏಳಲಿಲ್ಲ. ಬೇರೆ ಹೊಗೆ ಯಂತ್ರ ಬೇಕಾಗಿಲ್ಲ, ಇಷ್ಟು ಸಾಕು.

ಇನ್ನು ಲೈವ್ ಡೇಟಾ, ಅಂದರೆ ಸೆನ್ಸರ್‌ಗಳ ವೋಲ್ಟೇಜ್ ಸ್ಕ್ಯಾನರ್‌ನಲ್ಲಿ ಗೆರೆಯಾಗಿ ಕಾಣುವುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತಿ 2000-2500 ಆರ್‌ಪಿಎಂನಲ್ಲಿ ಹಿಡಿದೆ. ಎರಡನೇ ಬ್ಯಾಂಕಿನ ಗೆರೆ 0.1 ವೋಲ್ಟ್‌ನಿಂದ 0.9ಕ್ಕೆ ಸರಸರ ಏರಿ ಇಳಿಯುತ್ತಿತ್ತು. ಒಂದನೇ ಬ್ಯಾಂಕಿನದು ನಿದ್ದೆಯಿಂದ ಎಬ್ಬಿಸಿದ ಮಗುವಿನ ಹಾಗೆ ಎದ್ದೇಳುವುದಕ್ಕೇ ಹೊತ್ತು ಮಾಡುತ್ತಿತ್ತು. ಮೇಲೆ ಹೋದರೂ 0.6 ದಾಟುತ್ತಿರಲಿಲ್ಲ. ಹಿಂದಿನ ಎರಡೂ 0.6-0.7ರ ಆಸುಪಾಸು ಅಲುಗದೆ ನಿಂತಿದ್ದವು. ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆ. ಹಿಂದಿನದೂ ಮುಂದಿನದರಂತೆ ಕುಣಿಯುತ್ತಿದ್ದರೆ ಕನ್ವರ್ಟರ್ ಕತೆ ಮುಗಿಯಿತು ಅಂತ ಲೆಕ್ಕ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಬಂದವರು ಸುಮ್ನೆ ಹೋಗಿ ಸೆನ್ಸರ್ ಕೊಳ್ಳುವ ಮೊದಲು ಇದನ್ನೊಮ್ಮೆ ನೋಡಬೇಕು.

ಪಿ0135, ಪಿ0141, ಪಿ0155, ಪಿ0161 ಇವು ಹೀಟರ್ ಕೋಡ್‌ಗಳು. ಸೆನ್ಸರ್ 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗದೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇಗ ಬಿಸಿಯಾಗಲಿ ಅಂತ ಒಳಗೊಂದು ಹೀಟರ್ ಇರುತ್ತದೆ. ಇಂಥ ಎರಡು ಮೂರು ಕೋಡ್ ಒಟ್ಟಿಗೇ ಬಂದರೆ ಮೊದಲು ಫ್ಯೂಸ್ ನೋಡಿ. ಎಲ್ಲ ಸೆನ್ಸರ್ ಒಂದೇ ದಿನ ಸಾಯುವುದಿಲ್ಲ ಅಲ್ವಾ?

ಯಾವುದು ಹೋಗಿದೆ ಅಂತ ಗೊತ್ತಾಯಿತು. ಆದರೆ ಅದು ಎಡಗಡೆಯದಾ, ಬಲಗಡೆಯದಾ? ಒಂದನೇ ಸಿಲಿಂಡರ್ ಇರುವ ಮಗ್ಗುಲೇ ಒಂದನೇ ಬ್ಯಾಂಕ್. ಅದು ಎಲ್ಲ ಗಾಡಿಯಲ್ಲೂ ಒಂದೇ ಕಡೆ ಇರುವುದಿಲ್ಲ. ಜನರಲ್ ಮೋಟಾರ್ಸ್ (ಜಿಎಂ) ವಿ8ನಲ್ಲಿ ಒಂದನೇ ಸಿಲಿಂಡರ್ ಗಾಡಿಯ ಎಡಕ್ಕೆ, ಫೋರ್ಡ್ ವಿ8ನಲ್ಲಿ ಬಲಕ್ಕೆ. ಎಡ ಬಲ ಅನ್ನುವುದು ಸೀಟಿನಲ್ಲಿ ಕುಳಿತು ಮುಂದೆ ನೋಡುವವರ ಲೆಕ್ಕ, ಬಾನೆಟ್ ಎತ್ತಿ ಎದುರು ನಿಂತವರದಲ್ಲ. ಇನ್ನೂ ಅನುಮಾನವಿದ್ದರೆ ಒಂದು ಸೆನ್ಸರ್‌ನ ಕನೆಕ್ಟರ್ ಕಳಚಿ, ಸ್ಕ್ಯಾನರ್‌ನಲ್ಲಿ ಯಾವ ಗೆರೆ ಸತ್ತಿತು ಅಂತ ನೋಡಿದರಾಯಿತು.

ಈಗ ಜಾತಿ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಹಳೆಯ ಮಾದರಿ ಜಿರ್ಕೋನಿಯಾ ಸೆನ್ಸರ್, ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಒಂದು ಭಾಗ ಪೆಟ್ರೋಲ್‌ಗೆ 14.7 ಭಾಗ ಗಾಳಿ ಅನ್ನುವ ಹದಕ್ಕಿಂತ ಮಿಶ್ರಣ ಈಚೆಯೋ ಆಚೆಯೋ ಅಂತ ಮಾತ್ರ ಹೇಳುತ್ತದೆ. ಬಾಷ್ ಕಂಪನಿ 1976ರಲ್ಲಿ ವೋಲ್ವೊ ಕಾರಿಗೆ ಮೊದಲು ಕೊಟ್ಟಿದ್ದು ಈ ಬಗೆಯದನ್ನೇ. ಆಮೇಲಿನ ಅನೇಕ ಗಾಡಿಗಳಲ್ಲಿ ಮುಂದಿನ ಜಾಗಕ್ಕೆ ವೈಡ್‌ಬ್ಯಾಂಡ್ ಬಂತು. ಇದಕ್ಕೆ ಏರ್ ಫ್ಯೂಯೆಲ್ ರೇಶಿಯೊ ಸೆನ್ಸರ್ ಅಂತಲೂ ಹೆಸರು. ಹದದಿಂದ ಎಷ್ಟು ದೂರ ಅಂತಲೂ ಇದು ಅಳೆದು ಹೇಳುತ್ತದೆ. ಹೊರಗಿಂದ ನೋಡಿದರೆ ಎರಡೂ ಒಂದೇ ತರಹ. ಸಾಮಾನ್ಯವಾಗಿ ಥ್ರೆಡ್ ಕೂಡ ಎರಡಕ್ಕೂ ಎಂ18, 1.5 ಪಿಚ್. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ತೂತಿಗೆ ಲಕ್ಷಣವಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ವೈರ್ ಎಣಿಸಿದರೆ ಗೊತ್ತಾಗುತ್ತದೆ ಅನ್ನುವವರಿದ್ದಾರೆ. ಪೂರ್ತಿ ನಂಬಬೇಡಿ. ಬಾಷ್ ವೈಡ್‌ಬ್ಯಾಂಡ್‌ಗೆ ಐದು ವೈರ್ ಇರುತ್ತದೆ ನಿಜ, ಆದರೆ ಟೊಯೋಟಾ ಗಾಡಿಗಳಲ್ಲಿ ನಾಲ್ಕೇ ವೈರ್‌ನ ಏರ್ ಫ್ಯೂಯೆಲ್ ಸೆನ್ಸರ್ ಕೂಡ ಇದೆ. ನನ್ನದರಲ್ಲಿ ಸ್ಕ್ಯಾನರ್ ತೋರಿಸಿದ್ದು 0.1-0.9ರ ಏರಿಳಿತ, ಪಾರ್ಟ್ಸ್ ಕ್ಯಾಟಲಾಗ್‌ನಲ್ಲಿದ್ದದ್ದೂ ಬರೀ ಆಕ್ಸಿಜನ್ ಸೆನ್ಸರ್ ಅಂತ. ಎರಡೂ ತಾಳೆಯಾದ ಮೇಲೆ ಧೈರ್ಯ ಬಂತು.

ಪಾರ್ಟ್ ನಂಬರ್ ಹುಡುಕುವಾಗ ಮಾಡೆಲ್ ಮತ್ತು ವರ್ಷ ಮಾತ್ರ ಹಾಕಿದರೆ ಸಾಲದು. ಒಂದೇ ವರ್ಷದ ಒಂದೇ ಪಿಕಪ್ ಬೇರೆ ಬೇರೆ ಎಂಜಿನ್, ಬೇರೆ ಬೇರೆ ಹೊಗೆ ನಿಯಮದ ಪ್ರಕಾರ ತಯಾರಾಗಿರಬಹುದು. ಆಗ ಸೆನ್ಸರ್ ನಂಬರ್ ಕೂಡ ಬೇರೆ. ಚಾಸಿ ನಂಬರ್ ಹಾಕಿ ಹುಡುಕಿ, ಬಾನೆಟ್ ಕೆಳಗಿನ ಎಮಿಷನ್ ಸ್ಟಿಕ್ಕರ್ ಓದಿ. ಅದಕ್ಕಿಂತ ಗಟ್ಟಿ ಸಾಕ್ಷಿ ಹಳೆಯ ಸೆನ್ಸರ್‌ನ ಮೈಮೇಲೆಯೇ ಇರುತ್ತದೆ. ನಾನು ಕೆಳಗೆ ಮಲಗಿ ವೈರ್ ಬ್ರಷ್‌ನಿಂದ ಆರು ಮೂಲೆಯ ಭಾಗದ ಮಸಿ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ಕೊರೆದ ಅಕ್ಷರ ಕಂಡವು. ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದಾಗ ತಯಾರಕರ ಹೆಸರೂ ನಂಬರೂ ಸಿಕ್ಕಿತು.

ಅಲ್ಲಿಗೆ ಬ್ರ್ಯಾಂಡ್ ಪ್ರಶ್ನೆ ಮುಗಿಯಿತು. ಗಾಡಿ ಕಂಪನಿಗಳು ಸಾಮಾನ್ಯವಾಗಿ ಸೆನ್ಸರ್ ತಾವೇ ಮಾಡುವುದಿಲ್ಲ. ಡೆನ್ಸೊ, ಬಾಷ್, ಎನ್‌ಟಿಕೆ ಇಂಥವರಿಂದ ತೆಗೆದುಕೊಳ್ಳುತ್ತವೆ. ಎನ್‌ಟಿಕೆ ಅಂದರೆ ಸ್ಪಾರ್ಕ್ ಪ್ಲಗ್ ಮಾಡುವ ಎನ್‌ಜಿಕೆಯವರದೇ ಇನ್ನೊಂದು ಹೆಸರು. ಗಾಡಿಗೆ ಮೊದಲಿಂದ ಯಾರ ಸೆನ್ಸರ್ ಬಂದಿತ್ತೋ ಅವರದನ್ನೇ, ಗಾಡಿ ಕಂಪನಿಯ ಡಬ್ಬವಿಲ್ಲದೆ ಕೊಂಡೆ. ಡೆನ್ಸೊ ಇದ್ದ ಕಡೆ ಬಾಷ್ ಹಾಕಿದರೆ ನಡೆಯುವುದೇ ಇಲ್ಲ ಅಂತಲ್ಲ. ಆದರೆ ಕಂಪ್ಯೂಟರನ್ನು ಯಾವ ಸೆನ್ಸರ್‌ನ ನಡತೆ ನೋಡಿ ಹೊಂದಿಸಿದ್ದರೋ ಅದೇ ಸಿಗುವಾಗ ಪ್ರಯೋಗ ಯಾಕೆ?

ಯೂನಿವರ್ಸಲ್ ಸೆನ್ಸರ್ ಕಡೆ ನಾನು ಹೋಗಲಿಲ್ಲ. ಅದಕ್ಕೆ ಕನೆಕ್ಟರ್ ಇರುವುದಿಲ್ಲ, ಹಳೆಯ ಸೆನ್ಸರ್‌ನದನ್ನು ಕತ್ತರಿಸಿ ಜೋಡಿಸಬೇಕು. ವೈರ್ ಬಣ್ಣ ಒಬ್ಬೊಬ್ಬರದು ಒಂದೊಂದು. ಬಾಷ್‌ನಲ್ಲಿ ಎರಡು ಬಿಳಿ ವೈರ್ ಹೀಟರ್‌ಗೆ, ಕಪ್ಪು ಸಿಗ್ನಲ್‌ಗೆ, ಬೂದು ಗ್ರೌಂಡ್‌ಗೆ. ಡೆನ್ಸೊದಲ್ಲಿ ಸಾಮಾನ್ಯವಾಗಿ ಎರಡು ಕಪ್ಪು ಹೀಟರ್‌ಗೆ, ನೀಲಿ ಸಿಗ್ನಲ್‌ಗೆ, ಬಿಳಿ ಗ್ರೌಂಡ್‌ಗೆ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಎಡವಟ್ಟು ಗ್ಯಾರಂಟಿ. ಬೆಸುಗೆ ಹಾಕುವ ಹಾಗೂ ಇಲ್ಲ. ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರ್ ಎಳೆಗಳ ಸಂದಿನಿಂದಲೇ ಪಡೆಯುತ್ತವೆ. ಬೆಸುಗೆಯೋ ಗ್ರೀಸೋ ಆ ದಾರಿ ಮುಚ್ಚಿದರೆ ರೀಡಿಂಗ್ ಕೆಡುತ್ತದೆ. ಬಾಷ್ ವೈಡ್‌ಬ್ಯಾಂಡ್‌ನ ಕನೆಕ್ಟರ್ ಒಳಗಂತೂ ಆ ಸೆನ್ಸರ್‌ಗೆ ತಕ್ಕಂತೆ ಹೊಂದಿಸಿದ ರೆಸಿಸ್ಟರ್ ಇರುತ್ತದೆ, ಅದನ್ನು ಕತ್ತರಿಸುವ ಮಾತೇ ಇಲ್ಲ.

ಎಷ್ಟು ಬದಲಿಸಬೇಕು? ನಾಲ್ಕನ್ನೂ ಹಾಕಿಬಿಡಿ ಅಂದವರಿದ್ದರು. ನಾನು ಮುಂದಿನ ಎರಡನ್ನು ಮಾತ್ರ ಹಾಕಿದೆ. ಕಂಪ್ಯೂಟರ್ ಎರಡೂ ಬ್ಯಾಂಕನ್ನು ಬೇರೆ ಬೇರೆಯಾಗಿ ನೋಡಿಕೊಳ್ಳುವುದರಿಂದ ಒಂದನ್ನೇ ಬದಲಿಸಿದ್ದರೂ ನಡೆಯುತ್ತಿತ್ತು. ಆದರೆ ಹೀಟರ್ ಇರುವ ಸೆನ್ಸರ್‌ಗೆ 1 ಲಕ್ಷದಿಂದ 1.6 ಲಕ್ಷ ಕಿಲೋಮೀಟರ್ ಆಯುಸ್ಸು ಅನ್ನುತ್ತಾರೆ. ಜೊತೆಗೇ ಓಡಿದ ಇನ್ನೊಂದು ಎಷ್ಟು ದಿನ ಬಂದೀತು? ಹಿಂದಿನವು ಕನ್ವರ್ಟರ್ ದಾಟಿದ ಹೊಗೆಯಲ್ಲಿರುವುದರಿಂದ ಅಷ್ಟು ಬೇಗ ಹೋಗುವುದಿಲ್ಲ.

ಮುಂದಿನದಕ್ಕೂ ಹಿಂದಿನದಕ್ಕೂ ವೈರ್ ಉದ್ದ ಬೇರೆ ಇರಬಹುದು. ಡಬ್ಬ ಬಿಚ್ಚಿದ ಕೂಡಲೇ ಹಳೆಯದರ ಪಕ್ಕ ಇಟ್ಟು ಅಳತೆ ನೋಡಿ. ಗಿಡ್ಡ ಇದ್ದರೆ ಎಂಜಿನ್ ಅಲುಗಿದಾಗ ಜಗ್ಗುತ್ತದೆ, ಉದ್ದ ಇದ್ದರೆ ಜೋತು ಬಿದ್ದು ಸೈಲೆನ್ಸರ್‌ಗೋ ಪ್ರೊಪೆಲ್ಲರ್ ಶಾಫ್ಟ್‌ಗೋ ತಾಗುತ್ತದೆ. ನಕಲಿ ಮಾಲೂ ಬಹಳ ಇದೆ. ಅಕ್ಷರ ಮಸುಕಾಗಿದ್ದರೆ, ತುದಿಗೆ ಪ್ಲಾಸ್ಟಿಕ್ ಟೋಪಿ ಇಲ್ಲದಿದ್ದರೆ ನಾನು ಅಲ್ಲಿಯೇ ವಾಪಸ್ ಕೊಡುತ್ತೇನೆ.

ಬಿಚ್ಚುವುದಕ್ಕೆ ವೈರ್ ತೂರಿಸಲು ಸೀಳಿರುವ 22 ಎಂಎಂ ಸಾಕೆಟ್ ಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ, ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ತಿರುಗಿಸಿದೆ. ಹೊರಬಂದ ಸೆನ್ಸರ್‌ನ ತುದಿ ನೋಡದೆ ಎಸೆಯಬೇಡಿ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಕೂಲಂಟ್ ಲೀಕ್ ಇರಬಹುದು, ಇಲ್ಲವೇ ಗ್ಯಾಸ್ಕೆಟ್‌ಗೆ ಹಚ್ಚಿದ ಸಿಲಿಕೋನ್‌ನ ಆವಿ ತಾಗಿರಬಹುದು. ಆ ಕಾರಣ ಸರಿಮಾಡದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ. ನನ್ನದು ತಿಳಿ ಕಂದು ಬಣ್ಣಕ್ಕಿತ್ತು. ಅಂದರೆ ಬೇರೆ ಕಾಯಿಲೆ ಇಲ್ಲ, ವಯಸ್ಸಾಗಿತ್ತು ಅಷ್ಟೇ.

ಹೊಸದರ ಥ್ರೆಡ್‌ಗೆ ಕಂಪನಿಯೇ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿತ್ತು, ಮತ್ತೆ ಹಚ್ಚಲಿಲ್ಲ. ಕೈಯಲ್ಲೇ ಪೂರ್ತಿ ತಿರುಗಿಸಿ, ಡಬ್ಬದಲ್ಲಿ ಹೇಳಿದಷ್ಟು, ಸುಮಾರು 40 ನ್ಯೂಟನ್ ಮೀಟರ್, ಬಿಗಿ ಮಾಡಿದೆ. ಕನೆಕ್ಟರ್ ಸಿಕ್ಕಿಸಿದ್ದು ಆಮೇಲೆ, ಇಲ್ಲದಿದ್ದರೆ ವೈರ್ ಹುರಿಗೊಳ್ಳುತ್ತದೆ.

ಕೋಡ್ ಅಳಿಸಿದಾಗ ಕಂಪ್ಯೂಟರ್ ಕಲಿತದ್ದೆಲ್ಲ ಮರೆಯುತ್ತದೆ, ಅದು ನಡೆಸುವ ಸ್ವಯಂ ಪರೀಕ್ಷೆಗಳಾದ ಮಾನಿಟರ್‌ಗಳು ಮತ್ತೆ ಸಿದ್ಧವಾಗಲು ಸ್ವಲ್ಪ ದಿನ ಓಡಿಸಬೇಕು. ಹೊಗೆ ತಪಾಸಣೆ ಇದ್ದರೆ ಅದರ ಹಿಂದಿನ ದಿನ ಅಳಿಸಬೇಡಿ. ಓಡಿಸಿದ ಮೇಲೆ ಎರಡೂ ಬ್ಯಾಂಕಿನ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಅಳತೆಗೆ ಮಾಡಿಕೊಳ್ಳುವ ತಿದ್ದುಪಡಿ) ಸೊನ್ನೆಯ ಹತ್ತಿರಕ್ಕೆ ಬಂದವು, ಪಿ0133 ತಿರುಗಿ ಬಂದಿಲ್ಲ. ಹಿಂದಿನ ಸೆನ್ಸರ್‌ಗಳ ನಂಬರನ್ನೂ ಅವತ್ತೇ ಬರೆದಿಟ್ಟುಕೊಂಡಿದ್ದೇನೆ. ಅವುಗಳ ಗೆರೆ ಕೆಟ್ಟಾಗ ಕೊಳ್ಳುತ್ತೇನೆ, ಅಲ್ಲಿವರೆಗೆ ಹಳೆಯವೇ ಇರಲಿ.